ನೌಕೋದ್ಯಮದಲ್ಲಿ ಡ್ರೋನ್

ಡ್ರೋನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಮದುವೆಯ ಚಪ್ಪರದ ಮೇಲೆ ಗುಂಯ್‌ಗುಡುತ್ತ ಸುತ್ತುವ ಕ್ಯಾಮೆರಾ. ಇಲ್ಲವೇ ಸುದ್ದಿವಾಹಿನಿಯಲ್ಲಿ ಕಾಣುವ ಯುದ್ಧಭೂಮಿಯ ದೃಶ್ಯ. ಆದರೆ ಈ ಹೆಸರಿಗೂ ನೌಕಾಪಡೆಗೂ ಹಳೆಯ ನಂಟಿದೆ. 1930ರ ದಶಕದಲ್ಲಿ ಬ್ರಿಟಿಷರು ತಮ್ಮ ಫಿರಂಗಿಗಳ ಗುರಿ ಅಭ್ಯಾಸಕ್ಕೆಂದು ಟೈಗರ್ ಮಾತ್ ಎಂಬ ತರಬೇತಿ ವಿಮಾನವನ್ನು ಮಾರ್ಪಡಿಸಿ, ರೇಡಿಯೊ ಸಂಕೇತದಿಂದ ಚಾಲಕನಿಲ್ಲದೆ ಹಾರುವ ಯಂತ್ರವೊಂದನ್ನು ಸಿದ್ಧಪಡಿಸಿದರು. ಅದಕ್ಕಿಟ್ಟ ಹೆಸರು ಕ್ವೀನ್ ಬೀ, ಅಂದರೆ ರಾಣಿಜೇನು. ಅದರ ಪ್ರದರ್ಶನವನ್ನು ಕಂಡ ಅಮೆರಿಕದ ನೌಕಾಧಿಪತಿ ವಿಲಿಯಂ ಸ್ಟ್ಯಾಂಡ್ಲಿ ತಮ್ಮ ನೌಕಾಪಡೆಗೂ ಅಂಥದೊಂದು ಬೇಕೆಂದು ಬಯಸಿದರು. ಆ ಕೆಲಸವನ್ನು ವಹಿಸಿಕೊಂಡ ಡೆಲ್ಮರ್ ಫಾರ್ನಿ ಎಂಬ ಅಧಿಕಾರಿ, ಬ್ರಿಟಿಷರ ರಾಣಿಗೆ ಗೌರವ ಸಲ್ಲಿಸುವಂತೆ, ತಮ್ಮ ಯಂತ್ರವನ್ನು ಡ್ರೋನ್ ಎಂದು, ಅಂದರೆ ಗಂಡುಜೇನೆಂದು ಕರೆದರೆಂಬುದು ಸಾಮಾನ್ಯವಾಗಿ ಒಪ್ಪಿರುವ ವೃತ್ತಾಂತ. ಫಿರಂಗಿಗೆ ಗುರಿಯಾಗಲೆಂದು ಹುಟ್ಟಿದ ಆ ಯಂತ್ರದ ಸಂತತಿ ತೊಂಬತ್ತು ವರ್ಷಗಳ ಬಳಿಕ ವ್ಯಾಪಾರಿ ಹಡಗುಗಳ ತಪಾಸಕನಾಗಿ, ಅಂಚೆಯವನಾಗಿ, ಗುಪ್ತಚರನಾಗಿ ಮರಳಿ ಬಂದಿದೆ. ಕೆಲವೊಮ್ಮೆ ಹಡಗನ್ನೇ ಗುರಿಯಾಗಿಸಿಕೊಂಡೂ ಬರುತ್ತಿದೆ.

ನಾನು ಸಿಂಗಪುರದಲ್ಲಿ ಹಡಗುಗಳ ತಪಾಸಣೆಯ ವೃತ್ತಿಯಲ್ಲಿರುವವನು. ಆದುದರಿಂದ ಈ ಲೇಖನದಲ್ಲಿ ತಪಾಸಣೆಯ ಭಾಗವೇ ಹೆಚ್ಚು ಜಾಗವನ್ನು ಪಡೆದಿದ್ದರೆ ಓದುಗರು ಮನ್ನಿಸಬೇಕು. ಆದರೆ ಅದು ಕೇವಲ ವೃತ್ತಿಮೋಹವಲ್ಲ. ಡ್ರೋನ್ ನೌಕೋದ್ಯಮಕ್ಕೆ ತಂದ ಲಾಭಗಳಲ್ಲಿ ಮನುಷ್ಯರ ಜೀವಕ್ಕೆ ನೇರವಾಗಿ ಸಂಬಂಧಪಟ್ಟದ್ದು ಅದೊಂದೇ ಎಂದು ನನ್ನ ಎಣಿಕೆ.

ತೊಟ್ಟಿಯೊಳಗಿನ ಕತ್ತಲೆ

ಹಡಗು ತೇಲುವುದು ಉಕ್ಕಿನ ಹಲಗೆಗಳ ಬಲದಿಂದ. ಉಪ್ಪುನೀರು ಹಗಲಿರುಳೂ ತಿನ್ನುವುದು ಅದೇ ಉಕ್ಕನ್ನು. ಹೊರಮೈಯ ತುಕ್ಕು ಎಲ್ಲರಿಗೂ ಕಾಣುತ್ತದೆ. ಅಪಾಯಕಾರಿಯಾದದ್ದು ಒಳಗಿನದು: ಸರಕಿನ ತೊಟ್ಟಿಗಳು, ಹಡಗಿನ ಸಮತೋಲಕ್ಕಾಗಿ ಸಮುದ್ರದ ನೀರನ್ನೇ ತುಂಬಿಕೊಳ್ಳುವ ತೊಟ್ಟಿಗಳು, ಜೋಡಿತಳದ ನಡುವಣ ಇಕ್ಕಟ್ಟಿನ ಕೋಣೆಗಳು. 1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆ ಎರಿಕಾ ಎಂಬ ತೈಲ ಹಡಗು ಬಿರುಗಾಳಿಯಲ್ಲಿ ಎರಡು ತುಂಡಾಯಿತು. ಅದು 1975ರಲ್ಲಿ ಕಟ್ಟಿದ, ತುಕ್ಕಿನಿಂದ ಒಳಗೊಳಗೇ ಬಡವಾಗಿದ್ದ ಹಡಗು. ಕಾಗದಪತ್ರಗಳಲ್ಲಿ ಮಾತ್ರ ಸುಸ್ಥಿತಿಯಲ್ಲಿತ್ತು. ಸುಮಾರು 20,000 ಟನ್ ದಪ್ಪ ತೈಲ ಕಡಲಿಗೆ ಸೇರಿ ನೂರಾರು ಕಿಲೋಮೀಟರ್ ಕರಾವಳಿ ಕಪ್ಪಾಯಿತು. ಅದರಲ್ಲಿದ್ದ 26 ನಾವಿಕರೂ ಭಾರತೀಯರು. ಹೆಲಿಕಾಪ್ಟರುಗಳು ಅವರೆಲ್ಲರನ್ನೂ ಎತ್ತಿ ತಂದದ್ದು ಆ ದಿನದ ಒಂದೇ ಒಳ್ಳೆಯ ಸುದ್ದಿ.

ಇಂಥದು ಮರುಕಳಿಸದಿರಲೆಂದೇ ತೈಲ ಹಡಗುಗಳಿಗೂ ಅದಿರು, ಕಲ್ಲಿದ್ದಲು, ಧಾನ್ಯಗಳನ್ನು ಹೊರುವ ಹಡಗುಗಳಿಗೂ ವಿಶೇಷ ತಪಾಸಣೆಯ ಕಟ್ಟಳೆಗಳಿವೆ. ಐದು ವರ್ಷಕ್ಕೊಮ್ಮೆ ಹಿರಿಯ ತಪಾಸಣೆ, ನಡುವೆ ಕಿರಿಯವು. ನಿರ್ದಿಷ್ಟ ಭಾಗಗಳನ್ನು ತಪಾಸಕನು ಸನಿಹದಿಂದ ನೋಡಬೇಕು. ಸನಿಹವೆಂದರೆ ಎಷ್ಟು? ನಿಯಮ ಹೇಳುವುದು ಸೊಗಸಾಗಿದೆ: ಸಾಮಾನ್ಯವಾಗಿ ಕೈಗೆಟಕುವಷ್ಟು. ಈ ಕೆಲಸವನ್ನು ಮಾಡುವವರು ವರ್ಗೀಕರಣ ಸಂಸ್ಥೆಗಳ ತಪಾಸಕರು. ಲಂಡನ್ನಿನ ಕಾಫಿ ಅಂಗಡಿಯೊಂದರಲ್ಲಿ 1760ರಲ್ಲಿ ಮೊದಲಾದ ಲಾಯ್ಡ್ಸ್ ರಿಜಿಸ್ಟರ್, ನಾರ್ವೆಯ ಡಿಎನ್‌ವಿ, ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಮೊದಲಾದವು ಅಂಥವು.

ದೊಡ್ಡ ಕಚ್ಚಾತೈಲದ ಹಡಗಿನ ತೊಟ್ಟಿಯೊಂದು ಸುಮಾರು 30 ಮೀಟರ್ ಎತ್ತರವಿರುತ್ತದೆ, ಹತ್ತು ಅಂತಸ್ತಿನ ಕಟ್ಟಡದಷ್ಟು. ಅದರ ಛಾವಣಿಯಡಿಯ ಒಂದು ಬೆಸುಗೆಯನ್ನು ಕೈಗೆಟಕುವ ದೂರದಿಂದ ನೋಡುವುದು ಹೇಗೆ? ಹಳೆಯ ದಾರಿಗಳು ಮೂರು. ಒಂದು, ಕೊಳವೆಗಳ ಅಟ್ಟಣಿಗೆ ಕಟ್ಟುವುದು. ಅದಕ್ಕೆ ದಿನಗಟ್ಟಲೆ ಬೇಕು, ಹಡಗು ಅಷ್ಟು ದಿನ ಸಂಪಾದನೆಯಿಲ್ಲದೆ ನಿಲ್ಲಬೇಕು. ಎರಡು, ಹಗ್ಗದಲ್ಲಿ ಜೋತುಬಿದ್ದು ಇಳಿಯುವುದು. ಮೂರನೆಯದು ಕೇಳಿದವರಿಗೆ ಕಟ್ಟುಕಥೆಯೆನಿಸುತ್ತದೆ: ತೊಟ್ಟಿಗೆ ನೀರು ತುಂಬಿಸಿ, ರಬ್ಬರ್ ದೋಣಿಯಲ್ಲಿ ಕುಳಿತು, ನೀರಿನ ಮಟ್ಟ ಏರಿದಂತೆ ಗೋಡೆಯನ್ನು ನೋಡುತ್ತ ಮೇಲೇರುವುದು. ಉಕ್ಕಿನ ಗುಹೆಯ ನಡುವೆ, ಕೈಯಲ್ಲೊಂದು ಟಾರ್ಚು ಹಿಡಿದು, ಸೂರಿನಿಂದ ಒಂದೆರಡು ಮೀಟರ್ ಕೆಳಗೆ ತೇಲುತ್ತಿರುವಾಗ ಹಡಗು ಸ್ವಲ್ಪ ಹೊಯ್ದಾಡಿದರೂ ಎದೆ ಝಲ್ಲೆನ್ನುತ್ತದೆ.

ಆದರೆ ಬೀಳುವ ಭಯಕ್ಕಿಂತ ದೊಡ್ಡದು ಉಸಿರಿನ ಭಯ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21ರಷ್ಟಿರುತ್ತದೆ. ಮುಚ್ಚಿದ ಉಕ್ಕಿನ ಕೋಣೆಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಆ ಆಮ್ಲಜನಕವನ್ನು ಕುಡಿದುಬಿಡುತ್ತದೆ; ಮರದ ದಿಮ್ಮಿ, ಕಲ್ಲಿದ್ದಲು, ಧಾನ್ಯಗಳೂ ಇದನ್ನೇ ಮಾಡುತ್ತವೆ. ಒಳಗೆ ವಿಷವಿಲ್ಲ, ವಾಸನೆಯಿಲ್ಲ, ಬರಿಯ ಬಡಗಾಳಿ. ಏಣಿಯಿಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಮೇಲಿನಿಂದ ಕಂಡ ಗೆಳೆಯ ಹಿಂದುಮುಂದು ನೋಡದೆ ಇಳಿಯುತ್ತಾನೆ, ಅವನೂ ಕುಸಿಯುತ್ತಾನೆ. 2007ರ ಸೆಪ್ಟೆಂಬರಿನಲ್ಲಿ ಉತ್ತರ ಸಮುದ್ರದಲ್ಲಿ ವೈಕಿಂಗ್ ಐಲೇ ಎಂಬ ಹಡಗಿನಲ್ಲಿ ಲಂಗರಿನ ಸರಪಳಿ ಸದ್ದು ಮಾಡುತ್ತಿದೆಯೆಂದು ಅದನ್ನು ಕಟ್ಟಲು ಸರಪಳಿಯ ಕೋಣೆಗೆ ಹೋದವರೂ ಅವರನ್ನು ಉಳಿಸಲು ಹೋದವರೂ ಸೇರಿ ಮೂವರು ಸತ್ತರು. ಅದು ಯಾವುದೋ ಹರಕು ಹಡಗಲ್ಲ. ಇತರರನ್ನು ರಕ್ಷಿಸುವುದಕ್ಕೆಂದೇ ಇದ್ದ ಹಡಗು. ಅಂತರರಾಷ್ಟ್ರೀಯ ಕಡಲ ಸಂಘಟನೆಯಾದ ಐಎಂಒ 2015ರಿಂದ ಎರಡು ತಿಂಗಳಿಗೊಮ್ಮೆ ಇಂಥ ಕೋಣೆಗಳ ಪ್ರವೇಶದ ಅಣಕು ಅಭ್ಯಾಸವನ್ನು ಕಡ್ಡಾಯ ಮಾಡಿತು. 2016ರ ಜುಲೈನಿಂದ ಗಾಳಿಯನ್ನು ಅಳೆಯುವ ಉಪಕರಣವನ್ನು ಪ್ರತಿ ಹಡಗೂ ಇಟ್ಟುಕೊಳ್ಳಬೇಕಾಯಿತು. ಸಾವುಗಳು ನಿಂತಿಲ್ಲ.

ಡ್ರೋನ್ ಇಲ್ಲಿ ಒಳಬರುತ್ತದೆ. ಮನುಷ್ಯನ ಬದಲು ಕ್ಯಾಮೆರಾ ಇಳಿಯಲಿ ಎಂಬ ವಿಚಾರ ಸರಳ. ಅದನ್ನು ಸಾಧಿಸುವುದು ಸರಳವಲ್ಲ. ಉಕ್ಕಿನ ಗೋಡೆಗಳ ನಡುವೆ ಜಿಪಿಎಸ್ ಸಂಕೇತ ದೊರೆಯದು, ದಿಕ್ಸೂಚಿ ದಾರಿ ತಪ್ಪುತ್ತದೆ. ಬಯಲಲ್ಲಿ ತನ್ನ ಜಾಗವನ್ನು ತಾನೇ ತಿಳಿದು ಸ್ಥಿರವಾಗಿ ನಿಲ್ಲುವ ಡ್ರೋನ್ ಇಲ್ಲಿ ಕುರುಡಾಗುತ್ತದೆ. ಅಡಿಗಡಿಗೆ ಅಡ್ಡತೊಲೆಗಳು, ಏಣಿಗಳು, ಕೊಳವೆಗಳು. ಒಂದಕ್ಕೆ ತಾಗಿದರೂ ರೆಕ್ಕೆ ಮುರಿದು ಬೀಳುತ್ತದೆ. ಸ್ವಿಟ್ಜರ್ಲೆಂಡಿನ ಫ್ಲೈಎಬಿಲಿಟಿ ಎಂಬ ಕಿರುಸಂಸ್ಥೆ ಇದಕ್ಕೆ ಒಂದು ಜಾಣ ಉಪಾಯ ಹೂಡಿತು: ಡಿಕ್ಕಿಯನ್ನು ತಪ್ಪಿಸುವ ಬದಲು ಡಿಕ್ಕಿಯನ್ನು ಒಪ್ಪಿಕೊಳ್ಳುವುದು. ಡ್ರೋನಿನ ಸುತ್ತ ಇಂಗಾಲದೆಳೆಯ ಒಂದು ಗೋಳಾಕಾರದ ಪಂಜರ. ಅದು ಗೋಡೆಗೆ ತಾಗಿದರೆ ಉರುಳುತ್ತದೆ, ಒಳಗಿನ ಯಂತ್ರ ನೆಟ್ಟಗೇ ಇರುತ್ತದೆ. ಅದರ ಮೊದಲ ಮಾದರಿಯಾದ ಜಿಂಬಾಲ್ 2015ರಲ್ಲಿ ದುಬೈನಲ್ಲಿ ನಡೆದ ‘ಡ್ರೋನ್ಸ್ ಫಾರ್ ಗುಡ್’ ಸ್ಪರ್ಧೆಯಲ್ಲಿ 10 ಲಕ್ಷ ಡಾಲರಿನ ಬಹುಮಾನ ಗೆದ್ದಿತು. ಅದರ ಮುಂದಿನ ರೂಪವೇ ಇಂದು ತೊಟ್ಟಿಗಳೊಳಗೆ ಹಾರುವ ಎಲಿಯೋಸ್. ಹೊಸ ಮಾದರಿಗಳು ಲೇಸರ್ ಕಿರಣಗಳಿಂದ ಸುತ್ತಲನ್ನು ಅಳೆದು, ತಾವಿರುವ ಜಾಗದ ನಕ್ಷೆಯನ್ನು ಹಾರುತ್ತಲೇ ಬಿಡಿಸಿಕೊಳ್ಳುತ್ತವೆ.

ಬ್ಯಾಟರಿ ತಾಳುವುದು ಹತ್ತು ನಿಮಿಷದ ಆಚೀಚೆ. ಆದ್ದರಿಂದ ಒಂದು ತೊಟ್ಟಿಗೆ ಹಲವು ಹಾರಾಟಗಳು ಬೇಕು. ಆದರೂ ಅಟ್ಟಣಿಗೆಯ ದಿನಗಳು ಗಂಟೆಗಳಿಗೆ ಇಳಿಯುತ್ತವೆ. ವರ್ಗೀಕರಣ ಸಂಸ್ಥೆಗಳು 2015-16ರ ಸುಮಾರಿಗೆ ಇದನ್ನು ಪರೀಕ್ಷಿಸತೊಡಗಿ, ಕೆಲವು ಷರತ್ತುಗಳೊಡನೆ ಒಪ್ಪಿಕೊಂಡವು: ಹಾರಿಸುವ ಸಂಸ್ಥೆಗೆ ಮಾನ್ಯತೆಯಿರಬೇಕು, ಚಿತ್ರವನ್ನು ತಪಾಸಕನು ನೇರವಾಗಿ ನೋಡುತ್ತಿರಬೇಕು, ಸಂದೇಹ ಬಂದಲ್ಲಿ ಹಳೆಯ ರೀತಿಯ ತಪಾಸಣೆಯನ್ನು ಕೇಳುವ ಹಕ್ಕು ಅವನಿಗಿರಬೇಕು.

ಈ ಕೊನೆಯ ಷರತ್ತಿನ ಬೆಲೆ ಕೆಲಸ ಬಲ್ಲವನಿಗೆ ಗೊತ್ತು. ತಪಾಸಕನ ಕೈಯಲ್ಲಿ ಟಾರ್ಚಿನ ಜೊತೆ ಒಂದು ಸುತ್ತಿಗೆಯಿರುತ್ತದೆ. ಗಟ್ಟಿ ಉಕ್ಕಿಗೆ ಬಡಿದರೆ ಗಂಟೆಯಂತೆ ನುಡಿಯುತ್ತದೆ. ಒಳಗೇ ಪದರ ಬಿಟ್ಟದ್ದು ಮಂಕಾಗಿ ಸದ್ದು ಕೊಡುತ್ತದೆ. ಬಣ್ಣದ ಕೆಳಗೆ ಅಡಗಿದ ತುಕ್ಕು ಎಷ್ಟೋ ಬಾರಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕ್ಯಾಮೆರಾಕ್ಕೆ ಈ ಕಿವಿಯಿಲ್ಲ. ಹಲಗೆಯ ದಪ್ಪವನ್ನು ಶ್ರವಣಾತೀತ ಧ್ವನಿಯಿಂದ ಅಳೆಯುವ ಕಡ್ಡಿಯನ್ನು ಹೊತ್ತ ಡ್ರೋನುಗಳು ಈಗ ಬಂದಿವೆ. ಆದರೆ ಆ ಕಡ್ಡಿ ಗೋಡೆಗೆ ಸರಿಯಾಗಿ ಒತ್ತಿಕೊಳ್ಳಬೇಕು, ನಡುವೆ ಅಂಟಿನಂಥ ದ್ರವವಿರಬೇಕು, ಗೋಡೆ ಹೊಕ್ಕುಳಿಲ್ಲದೆ ಶುಚಿಯಾಗಿರಬೇಕು. ತುಕ್ಕು ಹಿಡಿದ ಗೋಡೆ, ಅಂದರೆ ನಿಜವಾಗಿ ಅಳೆಯಬೇಕಾದ ಗೋಡೆ, ಶುಚಿಯಾಗಿರುವುದಿಲ್ಲ.

ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ. ಬಹುಪಾಲು ಡ್ರೋನುಗಳ ಮೋಟರು, ಬ್ಯಾಟರಿಗಳು ಕಿಡಿಯಾಗದಂತೆ ರಚಿತವಾದವಲ್ಲ. ತೈಲಾವಿ ಉಳಿದ ತೊಟ್ಟಿಯೊಳಗೆ ಅಂಥದನ್ನು ಹಾರಿಸುವುದೆಂದರೆ ಬೆಂಕಿಕಡ್ಡಿ ಗೀರಿದಂತೆ. ಹಾಗಾಗಿ ಡ್ರೋನ್ ಹೋಗುವ ಮುನ್ನವೂ ತೊಟ್ಟಿಯನ್ನು ತೊಳೆದು, ಆವಿಯನ್ನು ಹೊರಗಟ್ಟಿ, ಗಾಳಿಯನ್ನು ಅಳೆಯಲೇಬೇಕು. ಅಂದರೆ ಮನುಷ್ಯ ಇಳಿಯಲು ಮಾಡುವ ಸಿದ್ಧತೆಯ ಬಹುಭಾಗ ತಪ್ಪುವುದಿಲ್ಲ. ಉಳಿಯುವುದು ಎತ್ತರದ ಅಪಾಯ, ಅಟ್ಟಣಿಗೆಯ ಖರ್ಚು, ಮತ್ತು ಯಾರೋ ಅಳತೆಯಲ್ಲಿ ಎಡವಿದ ದಿನದಲ್ಲಿ ಒಂದು ಜೀವ. ಅಷ್ಟೂ ಕಡಿಮೆಯೇನಲ್ಲ.

ನೀರಿನ ಗೆರೆಯನ್ನು ಓದುವುದು

ಹಡಗಿನ ಮೂತಿ, ನಡು, ಹಿಂಭಾಗಗಳಲ್ಲಿ ಎರಡೂ ಬದಿಗೆ ಅಂಕೆಗಳನ್ನು ಬರೆದಿರುತ್ತಾರೆ. ಹಡಗು ಎಷ್ಟು ಮುಳುಗಿದೆಯೆಂಬುದನ್ನು ಅವು ಹೇಳುತ್ತವೆ. ಅದಿರು, ಕಲ್ಲಿದ್ದಲುಗಳನ್ನು ಹೇರಿದ ತೂಕವನ್ನು ಲೆಕ್ಕ ಹಾಕುವುದು ಈ ಅಂಕೆಗಳಿಂದಲೇ. ಕುದುರೆಮುಖದ ಅದಿರು ಪಣಂಬೂರಿನಿಂದ ಹೊರದೇಶಕ್ಕೆ ಹೋಗುತ್ತಿದ್ದ ಕಾಲವನ್ನು ಬಲ್ಲವರಿಗೆ ಈ ಲೆಕ್ಕದ ಮಹತ್ತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ. ದೊಡ್ಡ ಅದಿರುಹಡಗಿನಲ್ಲಿ ಒಂದು ಸೆಂಟಿಮೀಟರ್ ತಪ್ಪಾಗಿ ಓದಿದರೆ ಸುಮಾರು 120 ಟನ್ ಸರಕು ಕಾಗದದ ಮೇಲೆ ಹೆಚ್ಚುತ್ತದೆ ಅಥವಾ ಮಾಯವಾಗುತ್ತದೆ. ಕಟ್ಟೆಯ ಬದಿಯ ಅಂಕೆಗಳನ್ನು ನಿಂತು ಓದಬಹುದು. ಕಡಲ ಬದಿಯವನ್ನು ಓದಲು ದೋಣಿಯಲ್ಲಿ ಹೋಗಬೇಕು ಅಥವಾ ಹಗ್ಗದ ಏಣಿಯಲ್ಲಿ ಇಳಿಯಬೇಕು. ಈಗ ಸಣ್ಣದೊಂದು ಡ್ರೋನ್ ಆ ಅಂಕೆಗಳ ಮುಂದೆ ಒಂದೆರಡು ನಿಮಿಷ ನಿಂತು, ಅಲೆಗಳು ಏರಿಳಿಯುವುದನ್ನೂ ಸೇರಿಸಿ ಚಿತ್ರಿಸಿಕೊಂಡು ಬರುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಜಗಳ ಬಂದರೆ ಚಿತ್ರ ಸಾಕ್ಷಿಯಾಗಿರುತ್ತದೆ. ಸದ್ದಿಲ್ಲದೆ ಹಬ್ಬಿರುವ ಬಳಕೆಯಿದು. ಇದನ್ನು ಕುರಿತು ಯಾರೂ ಪತ್ರಿಕಾಗೋಷ್ಠಿ ಕರೆದುದಿಲ್ಲ.

ಹೊಗೆಯ ಬೆನ್ನು ಹತ್ತಿ

ಹಡಗಿನ ದಪ್ಪ ಎಣ್ಣೆಯಲ್ಲಿ ಗಂಧಕ ಹೆಚ್ಚು. 2020ರ ಜನವರಿ 1ರಿಂದ ಇಂಧನದ ಗಂಧಕದ ಮಿತಿಯನ್ನು ಜಗತ್ತಿನಾದ್ಯಂತ ಶೇ. 3.50ರಿಂದ ಶೇ. 0.50ಕ್ಕೆ ಇಳಿಸಲಾಯಿತು. ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ತೀರಗಳಂಥ ವಿಶೇಷ ವಲಯಗಳಲ್ಲಿ ಮಿತಿ ಇನ್ನೂ ಬಿಗಿ: 2015ರಿಂದಲೇ ಶೇ. 0.10. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರವೂ ಈ ಪಟ್ಟಿಗೆ ಸೇರಿತು. ಶುದ್ಧ ಎಣ್ಣೆಗೆ ಬೆಲೆ ಹೆಚ್ಚು. ದೊಡ್ಡ ಹಡಗು ದಿನಕ್ಕೆ ಹತ್ತಾರು ಟನ್ ಉರಿಸುತ್ತದೆ. ತೀರದಿಂದ ಯಾರೂ ನೋಡದ ಇರುಳಿನಲ್ಲಿ ಅಗ್ಗದ ಎಣ್ಣೆಗೆ ತಿರುಗುವ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ.

ಇದನ್ನು ಹಿಡಿಯುವ ಬಗೆ ಬಹಳ ಸೊಗಸಾಗಿದೆ. ಚಿಮಣಿಯಿಂದ ಹೊರಟ ಹೊಗೆ ಗಾಳಿಯಲ್ಲಿ ತೆಳ್ಳಗಾಗುತ್ತ ಹೋಗುತ್ತದೆ; ಎಷ್ಟು ತೆಳ್ಳಗಾಗಿದೆಯೋ ಹೇಳಲಾಗದು. ಆದ್ದರಿಂದ ಗಂಧಕದ ಡೈಆಕ್ಸೈಡನ್ನು ಮಾತ್ರ ಅಳೆದರೆ ಪ್ರಯೋಜನವಿಲ್ಲ. ಜೊತೆಯಲ್ಲೇ ಇಂಗಾಲದ ಡೈಆಕ್ಸೈಡನ್ನೂ ಅಳೆಯಬೇಕು. ಎರಡೂ ಒಂದೇ ಪ್ರಮಾಣದಲ್ಲಿ ತೆಳ್ಳಗಾಗುವುದರಿಂದ ಅವುಗಳ ಅನುಪಾತ ಬದಲಾಗದೆ ಉಳಿಯುತ್ತದೆ. ಆ ಅನುಪಾತ ಉರಿಯುತ್ತಿರುವ ಎಣ್ಣೆಯ ಗುಣವನ್ನು ಬಯಲು ಮಾಡುತ್ತದೆ. ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 1ರಷ್ಟಿದ್ದಾಗ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ 21.7 ಭಾಗವಿದ್ದರೆ ಎಣ್ಣೆ ಶೇ. 0.50ರದು, 4.3 ಭಾಗವಿದ್ದರೆ ಶೇ. 0.10ರದು. ಶಾಲೆಯ ರಸಾಯನಶಾಸ್ತ್ರ ಸಾಕು.

ಲಿಸ್ಬನ್ನಿನಲ್ಲಿರುವ ಐರೋಪ್ಯ ಕಡಲ ಸುರಕ್ಷತಾ ಸಂಸ್ಥೆ ತನ್ನ ಸದಸ್ಯರಾಷ್ಟ್ರಗಳಿಗೆ ಇಂಥ ಮೂಸುವ ಡ್ರೋನುಗಳನ್ನು ಎರವಲು ಕೊಡುತ್ತದೆ. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಜಲಸಂಧಿ, ಸ್ಪೇನಿನ ಜಿಬ್ರಾಲ್ಟರ್ ಜಲಸಂಧಿಗಳಂಥ ಇಕ್ಕಟ್ಟಿನ ದಾರಿಗಳಲ್ಲಿ ಅವು ಹಾರಿವೆ. ಇವು ಮದುವೆಮನೆಯ ಡ್ರೋನುಗಳಲ್ಲ. ಡೆನ್ಮಾರ್ಕಿನಲ್ಲಿ ಬಳಸಿದ ಆಸ್ಟ್ರಿಯದ ಕ್ಯಾಮ್‌ಕಾಪ್ಟರ್ ಮೂರು ಮೀಟರ್ ಉದ್ದದ, ಹೊರೆಯೊಡನೆ 200 ಕಿಲೋವರೆಗೆ ತೂಗುವ ಪುಟ್ಟ ಹೆಲಿಕಾಪ್ಟರ್. ಹಡಗಿನ ಹಿಂದೆ ಗಾಳಿಯ ದಿಕ್ಕನ್ನು ನೋಡಿ ಹೊಗೆಯೊಳಗೆ ನುಗ್ಗಿ, ಮೂಸಿ, ಮುಂದಿನ ಹಡಗಿಗೆ ಹೋಗುತ್ತದೆ. ಫಲಿತಾಂಶ ಯುರೋಪಿನ ಬಂದರುಗಳೆಲ್ಲ ನೋಡಬಲ್ಲ ದತ್ತಸಂಗ್ರಹಕ್ಕೆ ಸೇರುತ್ತದೆ. ಆದರೆ ಮೂಸಿದ್ದೇ ಸಾಕ್ಷ್ಯವಲ್ಲ. ಸಂಶಯಕ್ಕೆ ಒಳಗಾದ ಹಡಗು ಮುಂದಿನ ಬಂದರನ್ನು ತಲಪಿದಾಗ ಅಧಿಕಾರಿ ಹತ್ತಿ, ಎಣ್ಣೆಯ ಮಾದರಿಯನ್ನು ಬಾಟಲಿಗೆ ತುಂಬಿ, ಪ್ರಯೋಗಾಲಯಕ್ಕೆ ಕಳಿಸಿದ ಮೇಲೆಯೇ ದಂಡದ ಮಾತು. ಯಾವ ಹಡಗನ್ನು ಹತ್ತಬೇಕೆಂದು ಹೇಳುವುದಷ್ಟೇ ಡ್ರೋನಿನ ಕೆಲಸ. ಕುರುಡಾಗಿ ಹತ್ತುವುದಕ್ಕಿಂತ ಅದು ಎಷ್ಟೋ ಮೇಲು.

ಸಿಂಗಪುರದ ಅಂಚೆ

ಸಿಂಗಪುರದ ಪೂರ್ವ ಕರಾವಳಿಯ ಉದ್ಯಾನದಲ್ಲಿ ನಡೆದಾಡಿದವರೆಲ್ಲ ಬಾಗಿಲಲ್ಲಿ ಸಾಲುಗಟ್ಟಿ ನಿಂತ ನೂರಾರು ಹಡಗುಗಳನ್ನು ಕಂಡಿರುತ್ತಾರೆ. ಅವುಗಳಲ್ಲಿ ಅನೇಕವು ಕಟ್ಟೆಗೆ ಬರುವುದೇ ಇಲ್ಲ; ಲಂಗರು ಹಾಕಿ, ಎಣ್ಣೆ ತುಂಬಿಸಿಕೊಂಡು, ಬಿಡಿಭಾಗ, ಔಷಧಿ, ಕಾಗದಪತ್ರಗಳನ್ನು ಪಡೆದು ಹೊರಟುಹೋಗುತ್ತವೆ. ಒಂದು ಲಕೋಟೆಯಾದರೂ ಸರಿ, ದೋಣಿಯಲ್ಲೇ ಹೋಗಬೇಕು.

ಈ ಅಂಚೆಗೆ ಡ್ರೋನನ್ನು ಹಚ್ಚುವ ಮೊದಲ ಹೆಸರಾಂತ ಪ್ರಯತ್ನ ನಡೆದದ್ದು ಇಲ್ಲಲ್ಲ, ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಬಳಿ. 2016ರಲ್ಲಿ ಮೇರ್ಸ್ಕ್ ಟ್ಯಾಂಕರ್ಸ್ ತನ್ನ ಹಡಗೊಂದಕ್ಕೆ ಡ್ರೋನಿನಿಂದ ಒಂದು ಪೊಟ್ಟಣ ಇಳಿಸಿತು. ಒಳಗಿದ್ದುದು ಬಿಸ್ಕತ್ತು. ಸಿಂಗಪುರದಲ್ಲಿ 2019ರ ಮಾರ್ಚ್‌ನಲ್ಲಿ ವಿಲ್‌ಹೆಮ್‌ಸೆನ್ ಮತ್ತು ಏರ್‌ಬಸ್ ಸಂಸ್ಥೆಗಳು ಮರೀನಾ ಸೌತ್ ಪಿಯರ್‌ನಿಂದ ಪೆಸಿಫಿಕ್ ಸೆಂಚೂರಿಯನ್ ಎಂಬ ಹಡಗಿಗೆ ಡ್ರೋನ್ ಹಾರಿಸಿದವು. ದೂರ ಒಂದೂವರೆ ಕಿಲೋಮೀಟರ್, ಹೊರೆ ಒಂದೂವರೆ ಕಿಲೋ. ಹೋಗಿ, ಇಳಿಸಿ, ಮರಳಲು ಹತ್ತು ನಿಮಿಷ. ಹೊರೆಯೇ ಒಂದು ಸ್ವಾರಸ್ಯ: ಮೂರು ಆಯಾಮದ ಮುದ್ರಣಯಂತ್ರದಲ್ಲಿ ಮಾಡಿದ ಬಿಡಿಭಾಗಗಳು. ಕೋವಿಡ್ ಬಂದು ನಾವಿಕರು ನೆಲಕ್ಕೆ ಕಾಲಿಡಲಾಗದೆ ಹಡಗಿನಲ್ಲೇ ಸೆರೆಯಾದಾಗ, 2020ರ ಏಪ್ರಿಲ್‌ನಲ್ಲಿ ಎಫ್-ಡ್ರೋನ್ಸ್ ಎಂಬ ಸ್ಥಳೀಯ ಸಂಸ್ಥೆ ಲಂಗರಿನಲ್ಲಿದ್ದ ಹಡಗಿಗೆ ಎರಡು ಕಿಲೋ ವಿಟಮಿನ್ ಮಾತ್ರೆಗಳನ್ನು ಹಾರಿಸಿ ಕಳಿಸಿತು. ಮುಟ್ಟದೆ ಕೊಡುವ ಕೊಡುಗೆಗೆ ಆ ತಿಂಗಳಲ್ಲಿ ಇದ್ದ ಬೆಲೆ ಬೇರೆಯೇ.

ಖರ್ಚು ಕೆಲವೆಡೆ ಶೇ. 90ರವರೆಗೆ ಇಳಿಯಬಹುದೆಂದು ವಿಲ್‌ಹೆಮ್‌ಸೆನ್ ಹೇಳಿಕೊಂಡಿತ್ತು. ಈ ಬಗೆಯ ಶೇಕಡಾವಾರುಗಳನ್ನು ನಾನು ಉಪ್ಪು ಸೇರಿಸಿಯೇ ನುಂಗುತ್ತೇನೆ. ದೋಣಿ ಒಂದೇ ಸಲ ಹಣ್ಣುತರಕಾರಿಯ ಮೂಟೆ, ಎಂಜಿನ್ನಿನ ಪಿಸ್ಟನ್, ರಜೆ ಮುಗಿಸಿ ಬಂದ ನಾಲ್ವರು ನಾವಿಕರು ಇಷ್ಟನ್ನೂ ಒಯ್ಯುತ್ತದೆ. ನಾಲ್ಕು ಕಿಲೋ ಹೊರುವ ಯಂತ್ರ ಅದರ ಬದಲಿಯಲ್ಲ. ತುರ್ತಿನ ಸಣ್ಣ ಸಾಮಾನಿಗೆ ಒಂದು ಪೂರಕ. ಮಳೆ, ಗಾಳಿ ಬಂದರೆ ಅದೂ ಇಲ್ಲ. ತೂಗಾಡುವ ಹಡಗಿನ ಮೇಲೆ ಕ್ರೇನು, ಕಂಬ, ತಂತಿಗಳ ನಡುವೆ ಇಳಿಯುವುದು ಕಷ್ಟವೆಂದು ಹಲವರು ಇಳಿಯುವುದನ್ನೇ ಬಿಟ್ಟು ದಾರದಲ್ಲಿ ಪೊಟ್ಟಣವನ್ನು ತೂಗಿಬಿಡುತ್ತಾರೆ. ಬಂದರಿನ ದೋಣಿಕಾರರು ನಿರುದ್ಯೋಗಿಗಳಾಗುವ ದಿನ ಹತ್ತಿರದಲ್ಲಿದೆಯೆಂದು ನನಗನ್ನಿಸುವುದಿಲ್ಲ.

ಬಂದರಿನ ಕಾವಲಿಗೆ ಮಾತ್ರ ಡ್ರೋನ್ ಚೆನ್ನಾಗಿ ಒಗ್ಗಿದೆ. ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರು 120 ಚದರ ಕಿಲೋಮೀಟರಿಗೂ ಮಿಗಿಲಾದ ತನ್ನ ಹರವನ್ನು ನೋಡಿಕೊಳ್ಳಲು, ಒಂದೇ ಕೇಂದ್ರದಿಂದ ನಿಯಂತ್ರಿಸುವ ಆರು ಡ್ರೋನುಗಳ ಜಾಲವನ್ನು 2023ರಲ್ಲಿ ಹೂಡಿತು. ತೈಲ ಚೆಲ್ಲಿದ್ದು, ತೇಲುವ ಕಸ, ಕಟ್ಟೆಯ ಬಿರುಕು ಎಲ್ಲವೂ ಅವುಗಳ ಕಣ್ಣಿಗೆ ಬೀಳುತ್ತವೆ. ಹಾರದೆ ತೇಲುವ ಡ್ರೋನುಗಳೂ ಇವೆ: 2021ರ ಸೆಪ್ಟೆಂಬರಿನಲ್ಲಿ ಏಳು ಮೀಟರ್ ಉದ್ದದ ಒಂದು ಸೈಲ್‌ಡ್ರೋನ್ ಅಟ್ಲಾಂಟಿಕ್‌ನಲ್ಲಿ ಸ್ಯಾಮ್ ಚಂಡಮಾರುತದ ಒಡಲೊಳಗೇ ಹೊಕ್ಕು, 15 ಮೀಟರ್ ಅಲೆಗಳ ನಡುವಿನಿಂದ ಚಿತ್ರ ಕಳಿಸಿತು. ಅವುಗಳ ಕಥೆ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ.

ಮಂಗಳೂರಿಗೆ ಬರಬೇಕಿದ್ದ ಹಡಗು

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯದಿಂದ ಕಚ್ಚಾತೈಲ ಹೊತ್ತು ನವಮಂಗಳೂರು ಬಂದರಿನತ್ತ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಹಡಗಿಗೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಭಾರತದ ತೀರದಿಂದ ಸುಮಾರು 200 ನಾಟಿಕಲ್ ಮೈಲಿ ದೂರ. ಲೈಬೀರಿಯದ ಧ್ವಜ, ಜಪಾನಿನ ಒಡೆತನ, ನೆದರ್‌ಲೆಂಡ್ಸಿನ ನಿರ್ವಹಣೆ. ನಾವಿಕರಲ್ಲಿ ಒಬ್ಬ ವಿಯೆಟ್ನಾಮೀಯನ ಹೊರತು ಉಳಿದವರು ಭಾರತೀಯರು. ಹಡಗಿನಲ್ಲಿ ಹೊತ್ತಿದ ಬೆಂಕಿಯನ್ನು ಅವರೇ ಆರಿಸಿದರು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಕರಾವಳಿ ಕಾವಲುಪಡೆಯ ವಿಕ್ರಮ್ ನೌಕೆಯ ಬೆಂಗಾವಲಿನಲ್ಲಿ ಅದು 25ರಂದು ಮಂಗಳೂರಿನ ಬದಲು ಮುಂಬಯಿಯನ್ನು ಸೇರಿತು. ಡ್ರೋನ್ ಇರಾನಿನಿಂದ ಹೊರಟಿತೆಂದು ಅಮೆರಿಕದ ರಕ್ಷಣಾ ಇಲಾಖೆ ಹೇಳಿತು, ಇರಾನ್ ಅಲ್ಲಗಳೆಯಿತು.

ಇದಕ್ಕೆ ಎರಡು ವರ್ಷ ಮೊದಲೇ, 2021ರ ಜುಲೈ 29ರಂದು, ಒಮಾನಿನಾಚೆ ಮರ್ಸರ್ ಸ್ಟ್ರೀಟ್ ಎಂಬ ತೈಲ ಹಡಗಿನ ಮೇಲೆ ಬಂದೆರಗಿದ ಡ್ರೋನ್ ಒಬ್ಬ ರೊಮೇನಿಯನ್ನನನ್ನೂ ಒಬ್ಬ ಬ್ರಿಟಿಷನನ್ನೂ ಕೊಂದಿತ್ತು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನಿನ ಹೂತಿಗಳು ಕ್ಷಿಪಣಿಗಳ ಜೊತೆ ಹಾರುವ ಮತ್ತು ತೇಲುವ ಡ್ರೋನುಗಳನ್ನೂ ಬಳಸತೊಡಗಿದರು. 2024ರ ಜೂನ್ 12ರಂದು ಟ್ಯೂಟರ್ ಎಂಬ ಕಲ್ಲಿದ್ದಲಿನ ಹಡಗಿಗೆ ಸ್ಫೋಟಕ ತುಂಬಿದ, ಜನರಿಲ್ಲದ ದೋಣಿಯೊಂದು ಬಂದು ಬಡಿಯಿತು. ಎಂಜಿನ್ ಕೋಣೆಗೆ ನೀರು ನುಗ್ಗಿತು, ಒಬ್ಬ ಫಿಲಿಪ್ಪೀನ್ಸ್ ನಾವಿಕ ಮರಳಲಿಲ್ಲ, ಕೆಲವೇ ದಿನಗಳಲ್ಲಿ ಹಡಗು ಮುಳುಗಿತು.

ವ್ಯಾಪಾರಿ ಹಡಗು ಇದರೆದುರು ಏನು ಮಾಡಬಲ್ಲದು? ಸೋಮಾಲಿಯದ ಕಡಲ್ಗಳ್ಳರ ಕಾಲದಲ್ಲಿ ಮುಳ್ಳುತಂತಿ, ನೀರಿನ ಫಿರಂಗಿ, ಬಾಡಿಗೆಯ ಬಂದೂಕುಧಾರಿಗಳಾದರೂ ಇದ್ದರು. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಇರುಳಲ್ಲಿ ಬರುವ ಯಂತ್ರಕ್ಕೆ ಮುಳ್ಳುತಂತಿ ಲೆಕ್ಕವಲ್ಲ. ನೌಕಾಪಡೆಗಳು ಅದನ್ನು ಹೊಡೆದುರುಳಿಸುತ್ತವೆ ನಿಜ. ಆದರೆ ಕೆಲವು ಹತ್ತುಸಾವಿರ ಡಾಲರಿನ ಡ್ರೋನಿಗೆ ಇಪ್ಪತ್ತು ಲಕ್ಷ ಡಾಲರಿನ ಆಸುಪಾಸಿನ ಕ್ಷಿಪಣಿಯನ್ನು ಸುಡುವ ಲೆಕ್ಕಾಚಾರ ಹೆಚ್ಚು ದಿನ ನಡೆಯದು. ಹಾಗಾಗಿ ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕದ ತುದಿಯನ್ನು ಸುತ್ತಿದವು. ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಕೂಡಿತು. ನಾವಿಕರ ಸಂಘಟನೆಗಳೂ ಮಾಲೀಕರೂ ಕೂಡಿದ ವೇದಿಕೆಯ ಒಪ್ಪಂದಕ್ಕೆ ಒಳಪಟ್ಟ ಹಡಗುಗಳಲ್ಲಿ, ಅಪಾಯದ ವಲಯಕ್ಕೆ ಹೋಗಲು ನಿರಾಕರಿಸುವ ಹಕ್ಕು ನಾವಿಕನಿಗೆ ದೊರೆಯಿತು. ಹೋದರೆ ಹೆಚ್ಚುವರಿ ವೇತನ, ಸತ್ತರೆ ಇಮ್ಮಡಿ ಪರಿಹಾರ. ಆ ಹಕ್ಕು ಕಾಗದದಲ್ಲಿದೆ. ಮುಂದಿನ ಕರಾರು ಕೈತಪ್ಪೀತೆಂಬ ಅಳುಕಿರುವ ಕಿರಿಯ ನಾವಿಕ ಅದನ್ನು ಎಷ್ಟರಮಟ್ಟಿಗೆ ಬಳಸಿಯಾನೆಂಬುದು ಬೇರೆ ಪ್ರಶ್ನೆ. ಗುರುತಿನ ಸಂಕೇತ ಬಿತ್ತರಿಸುವ ಯಂತ್ರವನ್ನು ಆರಿಸಿದರೆ ವೈರಿಗೆ ಕಾಣದಿರಬಹುದು. ಇರುಳಲ್ಲಿ ಪಕ್ಕದ ಹಡಗಿಗೂ ಕಾಣದು.

ಕಾನೂನಿನ ತೊಡಕು

ಡ್ರೋನ್ ವಿಮಾನವೇ, ಆಟಿಕೆಯೇ, ಕ್ಯಾಮೆರಾವೇ? ಕಾನೂನಿನ ಕಣ್ಣಿಗೆ ಅದು ವಿಮಾನ. ಆಶ್ಚರ್ಯವೆಂದರೆ 1944ರ ಷಿಕಾಗೊ ಒಡಂಬಡಿಕೆಯೇ ತನ್ನ 8ನೆಯ ವಿಧಿಯಲ್ಲಿ, ಚಾಲಕನಿಲ್ಲದ ವಿಮಾನ ಅನ್ಯದೇಶದ ಮೇಲೆ ಅದರ ವಿಶೇಷ ಅನುಮತಿಯಿಲ್ಲದೆ ಹಾರಕೂಡದೆಂದು ಬರೆದಿಟ್ಟಿದೆ. ದೇಶದೇಶಕ್ಕೆ ಬೇರೆ ನಿಯಮಗಳೂ ಇವೆ. ಸಿಂಗಪುರದಲ್ಲಿ 250 ಗ್ರಾಂ ಮೀರಿದ್ದನ್ನು ನೋಂದಾಯಿಸಬೇಕು. ಭಾರತ 2021ರ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮಗಳನ್ನು ತಂದು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿತು.

ಹಡಗಿಗೆ ಇದರಿಂದ ಒಂದು ವಿಚಿತ್ರ ಸಂಕಟ. ವಿಶ್ವಸಂಸ್ಥೆಯ 1982ರ ಕಡಲ ಕಾನೂನಿನ ಒಡಂಬಡಿಕೆಯಂತೆ, ಪರದೇಶದ 12 ಮೈಲಿಯ ಕಡಲಲ್ಲಿ ಹಡಗು ನಿರಪಾಯಕರವಾಗಿ ಹಾದುಹೋಗಬಹುದು. ಇದಕ್ಕೆ ಅನುಮತಿ ಬೇಡ. ಆದರೆ ಯಾವ ಕೃತ್ಯಗಳಿಂದ ಆ ಹಾದಿ ನಿರಪಾಯಕರವಲ್ಲದಾಗುತ್ತದೆಂದು 19ನೆಯ ವಿಧಿ ಪಟ್ಟಿ ಮಾಡುತ್ತದೆ. ಅದರಲ್ಲಿ ಒಂದು, ಯಾವುದೇ ವಿಮಾನವನ್ನು ಹಡಗಿನಿಂದ ಹಾರಿಸುವುದು, ಅದರ ಮೇಲೆ ಇಳಿಸುವುದು. ಬರೆದವರ ಮನಸ್ಸಿನಲ್ಲಿದ್ದುದು ಯುದ್ಧನೌಕೆಯ ಹೆಲಿಕಾಪ್ಟರ್. ಅಕ್ಷರಶಃ ಓದಿದರೆ, ಹಾದಿಯಲ್ಲಿ ಹೋಗುತ್ತಿರುವ ಅದಿರುಹಡಗಿನ ಅಧಿಕಾರಿ ತನ್ನ ಕ್ರೇನಿನ ತುದಿಯ ತುಕ್ಕನ್ನು ನೋಡಲೆಂದು ಅರ್ಧ ಕಿಲೋ ತೂಕದ ಡ್ರೋನನ್ನು ಎತ್ತಿದರೂ ಅದೇ ವಿಧಿ ತಗಲುತ್ತದೆ. ಅಂಥ ಮೊಕದ್ದಮೆ ಯಾರೂ ಹೂಡಲಾರರೆಂದು ನಕ್ಕುಬಿಡಬಹುದು. ಆದರೆ ತೀರದ ದೇಶಗಳ ಗಡಿಪಡೆಗಳು ಡ್ರೋನ್ ಎಂದರೆ ಬೆಚ್ಚುವ ಈ ಕಾಲದಲ್ಲಿ ಬುದ್ಧಿವಂತ ಕಪ್ತಾನರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕ್ರೇನನ್ನು ನೋಡಲು ಮೊದಲಿನಂತೆ ಒಬ್ಬ ನಾವಿಕನನ್ನೇ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಕಳಿಸುತ್ತಾರೆ.